ಎದೆಯ ಮೇಲಿನ ಗೆರೆಗಳು

ಮುದ್ದೇಬಿಹಾಳದಲ್ಲಿ ಆಟೋ ಓಡಿಸುತ್ತಿದ್ದ ಅಮೀನುದ್ದೀನನಿಗೆ ಅನ್ನನಾಳದ ಕ್ಯಾನ್ಸರ್. ಗಂಜಿಯೂ ಗಂಟಲಲ್ಲಿ ಇಳಿಯದಂತಾದಾಗ ವಿಜಾಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಸುವರ್ಣಾ ಕೊನೆಯ ದಾರಿಯೊಂದನ್ನು ತೋರಿಸಿದರು.

"ಹೊಸಾ ನ್ಯಾನೊ ಔಷಧ ಐತಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣದಾಗ ಕೀಮೋ ತುಂಬಿರ್ತಾರ. ಅದು ಗಡ್ಡಿಯೊಳಗ ಹೋಗಿ ಕುಂದರತೈತಿ. ಅಲ್ಲಿ ಇರೂದ್ರಾಗ ಕರೆಂಟ್ ಕೊಡಬೇಕು. ತಡಾ ಆದ್ರ ಔಷಧ ಕರಗಿ ಹೋಗತೈತಿ."

ಈ ಕಡೆ ರೇಡಿಯೇಷನ್ನಿಗೆ ಜನ ಇಟ್ಟ ಹೆಸರೇ ಕರೆಂಟ್. ಬುಧವಾರ ಅವನ ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದರು. ಗುರುವಾರ ಔಷಧ ಏರಿಸಿ, ಗೆರೆ ಅಳಿಸಬೇಡಿ, ಶನಿವಾರ ಕರೆಂಟಿಗೆ ಬನ್ನಿ ಎಂದು ಕಳಿಸಿದರು. ಹೆಂಡತಿ ಸೈದಾಬಿ ತನ್ನದೇ ಲೆಕ್ಕ ಹಾಕಿದಳು: ಗೆರೆ ಇರುವುದು ಔಷಧಕ್ಕೆ ದಾರಿ ತೋರಿಸಲು, ಔಷಧ ಒಳಗೆ ಹೋದ ಮೇಲೆ ಗೆರೆಗೇನು ಕೆಲಸ? ಅಲ್ಲೇ ಎಡವಟ್ಟಾಯಿತು ನೋಡಿ.

ಶುಕ್ರವಾರ ಅಮೀನುದ್ದೀನ ಗೋಡೆಗೆ ಮುಖ ಮಾಡಿ ಮಲಗಿದ್ದ. "ಮೈಮ್ಯಾಲ ಬಣ್ಣ ಐತಿ. ಅದರ ಕೆಳಗ ನೀರ ಮುಟ್ಟೂದಿಲ್ಲ. ಮೈ ಶುದ್ಧ ಆಗದ ನಮಾಜಿಗೆ ಹೆಂಗ ನಿಂದರಲಿ?"

ಆ ಶಾಯಿ ಮೆಹಂದಿಯಂತೆ, ನೀರನ್ನು ತಡೆಯುವುದಿಲ್ಲ ಎಂದು ಮಸೀದಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಇಬ್ಬರೂ ಕೇಳಲಿಲ್ಲ. ಸೈದಾಬಿ ಕೊಬ್ಬರಿ ಎಣ್ಣೆ ಹಚ್ಚಿ, ಸಾಬೂನಿನಿಂದ ಮೆಲ್ಲಗೆ ಉಜ್ಜಿ ಎಲ್ಲವನ್ನೂ ತೆಗೆದಳು. ಜುಮ್ಮಾ ನಮಾಜು ಮುಗಿಸಿ ಬಂದವನು ಅವಳನ್ನು ನೋಡಿ ನಕ್ಕ. ಅವನು ನಕ್ಕು ಎಷ್ಟು ದಿನವಾಗಿತ್ತೋ.

ಶನಿವಾರ ಅವನು ಅಂಗಿ ಬಿಚ್ಚುತ್ತಲೇ ಸುವರ್ಣಾ ಅವರ ಮುಖ ಬಿಳಿಚಿಕೊಂಡಿತು.

"ಗೆರಿ ಎಲ್ಲಿ? ಅದನ್ನ ನೋಡೇ ಕರೆಂಟ್ ಬಿಡೂದು! ಮತ್ತ ಸ್ಕ್ಯಾನ್ ಮಾಡಿ ಗುರುತ ಹಾಕೂದ್ರಾಗ ಔಷಧ ಹೋಗಿಬಿಡತೈತಿ. ಇನ್ನೊಂದ ಡೋಸ್ ತಡಕೊಳ್ಳೂ ತ್ರಾಣ ಇವರಿಗಿಲ್ಲ."

ಸೈದಾಬಿ ಮುಂದೆ ಬಂದಳು. "ನನಗ ನೆನಪೈತ್ರಿ ಅಕ್ಕೋರ, ಇಲ್ಲಿಂದ ಹಿಂಗ ಇತ್ರಿ," ಎಂದು ಗಂಡನ ಎದೆಯ ಮೇಲೆ ಬೆರಳೆಳೆದಳು. ಮತ್ತೊಮ್ಮೆ ಎಳೆದಾಗ ಗೆರೆ ಬೇರೆ ಕಡೆ ಹೋಯಿತು. ಸುವರ್ಣಾ ಆ ಕೈಯನ್ನು ಹಿಡಿದುಕೊಂಡರು.

"ಒಂದ ಬೆರಳ ಸರದ್ರ ಹೃದಯಕ್ಕ ಬಡೀತೈತಿ ಯವ್ವಾ. ಯಾರ ತೊಳದ್ರು ಇದನ್ನ?"

"ನಾನ ತೊಳಕೊಂಡೇನ್ರಿ ಮೇಡಂ," ಎಂದ ಅಮೀನುದ್ದೀನ. "ಆಕಿ ಬ್ಯಾಡಂದ್ಳು, ನಾ ಕೇಳಲಿಲ್ಲ."

ಡಾಕ್ಟರು ತಲೆ ತಗ್ಗಿಸಿ ಹೊರಗೆ ಹೋದರು. ಸುಳ್ಳು, ನಾನೇ ತೊಳೆದೆ ಎಂದು ಕೂಗಲು ಸೈದಾಬಿ ಬಾಯಿ ತೆರೆದಳು. ಅವನು ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದ.

"ಸುಮ್ಕಿರು. ನಾ ಅಂತೂ ಹೋಗಾಂವ. ಇದನ್ನ ಹೊತಗೊಂಡು ನೀ ಯಾಕ ಬದುಕ್ತಿ?"