ಬಸಿರಿ ಮೀನು

ಆ ಬೆಳಿಗ್ಗೆ ಸರೋವರದ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ದೋಣಿ ಒಡೆಯುವ ಯಂತ್ರ ಕಾಣುವ ಮೊದಲೇ ಅದರ ಸದ್ದು ಕೇಳಿಸಿತು.

"ಏಯ್ ನೀರ್‌ಹುಳಗಳಾ, ಇಳೀರೋ ಕೆಳಕ್ಕೆ!" ದಡದಿಂದ ಅಧಿಕಾರಿ ಪಾಂಗ್ ಕೂಗಿದ. "ಲೋಕದಾಗೆ ಮೊದ್ಲು ಉಳಿಸ್ಬೇಕಾದ ನೀರು-ನೆಲ ಯಾವ್ದು ಅಂತ ದೊಡ್ಡೋರು ಪಟ್ಟಿ ಮಾಡವ್ರೆ. ನಿಮ್ ಸರೋವರ ಏಳ್ನೇದು! ಇವತ್ತಿಂದ ಒಂದ್ ಮೀನೂ ಮುಟ್ಟಂಗಿಲ್ಲ, ಒಂದ್ ದೋಣೀನೂ ಇರಂಗಿಲ್ಲ."

ದೋಣಿಯಲ್ಲೇ ಬಾಳುವ ಮುದುಕಿ ಯಿನ್‌ಮೇಯ್ ಗಂಜಿಯ ಪಾತ್ರೆ ಎತ್ತಿಕೊಂಡಳು. "ಆ ಪಟ್ಟಿಯಾಗೆ ನಾವು ಎಷ್ಟನೇರು, ಸಾಹೇಬ್ರೇ?"

"ಮುಚ್ಚೇ ಬಾಯಿ, ಹಲ್ಕಟ್ ಮುದ್ಕಿ."

ಪಟ್ಟಿ ಮಾಡುವವರನ್ನು ಹೋದ ವಸಂತದಲ್ಲಿ ತನ್ನ ದೋಣಿಯಲ್ಲೇ ಕೂರಿಸಿಕೊಂಡು, ಮೀನು ಮೊಟ್ಟೆಯಿಡುವ ಜೊಂಡುಗಳನ್ನೆಲ್ಲ ತೋರಿಸಿದವಳು ಅವಳೇ. ಬಂದವರೆದುರು ತನ್ನ ನೀರನ್ನು ಹೊಗಳುವ ಹಿಗ್ಗಿನಲ್ಲಿ ಒಂದನ್ನೂ ಮುಚ್ಚಿಡಲಿಲ್ಲ.

ಸೊಸೆ ಷಿಯಾ ಕೂಸನ್ನು ಎದೆಗವಚಿಕೊಂಡು ದಡಕ್ಕಿಳಿದಳು. "ಅತ್ತೇ, ದೋಣಿ ತೊಟ್ಟಿಯಾಗಿರೋ ಮೀನು?" ಪಿಸುಗುಟ್ಟಿದಳು. "ಇವತ್ತಿಗೆ ಕೂಸಿಗೆ ತಿಂಗ್ಳು ತುಂಬ್ತು."

ದೋಣಿಯಲ್ಲಿ ಹುಟ್ಟಿದ ಕೂಸು ನೀರಿನ ಸಾಲ. ತಿಂಗಳು ತುಂಬಿದ ದಿನ ಬಸಿರಿ ಮೀನೊಂದನ್ನು ನೀರಿಗೆ ಬಿಡಬೇಕು. ನೀರು ತಾಯಿ; ಕೇಳುವವಳಲ್ಲ, ಮರೆಯುವವಳೂ ಅಲ್ಲ. ಬಾಣಂತಿಯಾಗಿದ್ದ ಹಸಿದ ವರ್ಷದಲ್ಲಿ ಯಿನ್‌ಮೇಯ್ ಹಿರಿಮಗನಿಗಾಗಿ ಬಿಡಬೇಕಿದ್ದ ಮೀನನ್ನು ಬೇಯಿಸಿ ತಿಂದಿದ್ದಳು. ಐದು ವರ್ಷ ತುಂಬುವ ಮೊದಲೇ ನೀರು ಮಗನನ್ನು ಕರೆದುಕೊಂಡಿತು.

ಅಷ್ಟರಲ್ಲಿ ಆಳುಗಳು ತೊಟ್ಟಿಯ ಹಲಗೆ ಕಿತ್ತಿದ್ದರು.

"ನೋಡ್ರಲಾ! ಗಬ್ಬದ ಮೀನು ಕದ್ದಿಟ್ಟವ್ಳೆ!" ಪಾಂಗ್ ಮೀನನ್ನು ಗೋಣಿಗೆ ತುಂಬಿಸಿದ. "ಸಾಕ್ಷಿ ಇದು. ಕಚೇರಿಗೆ ಹೋಗ್ಬೇಕು."

"ನೀರಿಗೆ ಬಿಡಾಕೇ ಇಟ್ಟಿದ್ದು ಸಾಹೇಬ್ರೇ, ಕೂಸಿನಾಣೆ. ಹೊಟ್ಟೆ ತುಂಬಾ ಮೊಟ್ಟೆ ಐತೆ. ಸತ್ತೋಯ್ತದೆ."

"ಸತ್ರೂ ಸಾಕ್ಷಿನೇ."

ಯಂತ್ರದ ಕೈ ದೋಣಿಯ ಬೆನ್ನ ಮೇಲೆ ಕೂತಿತು. ಮೂರು ತಲೆಮಾರು ಉಂಡು ಮಲಗಿದ ಹಲಗೆಗಳು ಲಟಲಟನೆ ಮುರಿದವು. ಎಲ್ಲರೂ ಅತ್ತ ತಿರುಗಿದರು; ಷಿಯಾ ಬಿಕ್ಕಿದಳು. ಯಿನ್‌ಮೇಯ್ ತಿರುಗಲಿಲ್ಲ. ಗೋಣಿಯನ್ನೆತ್ತಿ ನೀರಿಗಿಳಿದಳು. ಮೊಣಕಾಲು, ಆಮೇಲೆ ಸೊಂಟ.

"ಏಯ್! ಸಾಕ್ಷಿ ನಾಶ ಮಾಡಿದ್ರೆ ಜೈಲು ಕಣೇ, ಮುಂಡೇ!"

"ಬರ್ತೀನಿ ಬುಡಪ್ಪಾ, ನಿಲ್ಲು."

ಗೋಣಿಯ ಬಾಯಿ ಬಿಚ್ಚಿದಳು. ಮೀನು ಸೋತುಹೋಗಿತ್ತು. ಕೂಸಿಗೆ ನೀರೆರೆಯುವಂತೆ ಎರಡೂ ಅಂಗೈಗಳಲ್ಲಿ ಅದನ್ನು ತೇಲಿಸಿ ಹಿಡಿದು, ಕಿವಿರು ಒಮ್ಮೆ ತೆರೆಯುವವರೆಗೆ ಕಾದಳು. ಆಮೇಲೆ ಮೀನಿನಡಿಯಿಂದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು.