ಒಂದೇ ಸಾಲಿನ ಲಾಗ್

ಆಸ್ಪತ್ರೆಗಳ ರಕ್ತದ ವಿನಂತಿಯನ್ನು ರಕ್ತನಿಧಿಗಳಿಗೆ ತಲುಪಿಸುವ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿ ಜಾಹ್ನವಿಗೆ ಆರು ವರ್ಷವಾಗಿತ್ತು. ದಾವಣಗೆರೆಯವಳು. ಬ್ಯಾಂಕಿನಲ್ಲಿದ್ದ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಎಂವಿಪಿ ಕಾಲೋನಿಯಲ್ಲಿ ಮನೆ ಮಾಡಿ ಈ ಕೆಲಸಕ್ಕೆ ಸೇರಿದ್ದಳು. ಸಾಫ್ಟ್‌ವೇರ್ ಎಲ್ಲಾದರೂ ಎಡವಿದರೆ ಅದು ತಾನೇ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಏನೇನು ದಾಖಲಾಗಬೇಕೆಂದು ನಿರ್ಧರಿಸುವುದು ಅವಳ ಪಾಲಿನ ಕೆಲಸ.

ಮೊದಮೊದಲು ಅವಳು ಎಲ್ಲವನ್ನೂ ದಾಖಲಿಸುತ್ತಿದ್ದಳು. ಆಸ್ಪತ್ರೆ, ರೋಗಿಯ ಹೆಸರು, ಫೋನ್ ನಂಬರು, ಕಾಯಿಲೆ ಕೂಡ. ಕಳೆದ ವರ್ಷ ಆ ಲಾಗ್ ಹೊರಗಿನವರ ಕೈಗೆ ಸಿಕ್ಕಿತು. ಹೈಮಾವತಿ ಎಂಬ ಅಂಗನವಾಡಿ ಶಿಕ್ಷಕಿಯ ಕಾಯಿಲೆ ಓಣಿಗೆಲ್ಲ ಗೊತ್ತಾಗಿ, ಆಕೆ ಮನೆ ಖಾಲಿ ಮಾಡಿಕೊಂಡು ಹೋಗಬೇಕಾಯಿತು. ಅದು ತಿಳಿದ ಮರುದಿನವೇ ಜಾಹ್ನವಿ ಲಾಗ್‌ನಿಂದ ಎಲ್ಲ ವಿವರವನ್ನೂ ಕಿತ್ತುಹಾಕಿದಳು. ಅಂದಿನಿಂದ ಏನೇ ಕೆಟ್ಟರೂ ಲಾಗ್‌ನಲ್ಲಿ ಬೀಳುತ್ತಿದ್ದುದು ಸಮಯ ಮತ್ತು 'ವಿನಂತಿ ವಿಫಲ' ಎಂಬ ಎರಡು ಪದ.

"ಇಷ್ಟು ಸಾಕೇನ್ರೀ?" ಎಂದು ಮ್ಯಾನೇಜರ್ ಧನಂಜಯ ಕೇಳಿದ್ದರು.

"ಸಾಕು ಸರ್. ಇನ್ನೊಬ್ರ ಬಾಳು ಬೀದಿಗೆ ಬರೋದು ಬೇಡ."

ಈ ಆಗಸ್ಟಿನಲ್ಲಿ ಗಾಜುವಾಕದ ಒಂದು ನರ್ಸಿಂಗ್ ಹೋಮಿನಲ್ಲಿ ದುರ್ಗಾಭವಾನಿ ಎಂಬಾಕೆಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ನರ್ಸು ಕಳಿಸಿದ ವಿನಂತಿ ರಕ್ತನಿಧಿಯನ್ನು ಮುಟ್ಟಲೇ ಇಲ್ಲ. ಅದು ಗೊತ್ತಾಗುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಮಗು ಉಳಿಯಿತು. ತಾಯಿ ಉಳಿಯಲಿಲ್ಲ.

ವಿಚಾರಣೆ ನಡೆದದ್ದು ವಿಜಯವಾಡದಲ್ಲಿದ್ದ ಕಂಪನಿಯ ಮುಖ್ಯ ಕಚೇರಿಯಲ್ಲಿ. ದುರ್ಗಾಭವಾನಿಯ ಅಣ್ಣ ಬಾಬ್ಜಿ ರಜೆ ಹಾಕಿ ಬಂದಿದ್ದ. ಲಾಗ್‌ನ ಆ ಸಾಲನ್ನು ಮುದ್ರಿಸಿ ಕೊಟ್ಟಾಗ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ.

"ಇಷ್ಟೇನಾ ಮೇಡಂ? ಯಾಕೆ ಹೋಗ್ಲಿಲ್ಲ ಅಂತ ಇಲ್ವಲ್ಲ?" ಎಂದು ತೆಲುಗಿನಲ್ಲಿ ಕೇಳಿದ.

ಧನಂಜಯ "ತಾಂತ್ರಿಕ ಕಾರಣ..." ಎಂದು ಶುರು ಮಾಡಿದರು. ಜಾಹ್ನವಿ ತಡೆದು, ತರಕಾರಿ ಅಂಗಡಿಯಲ್ಲಿ ಕಲಿತ ತನ್ನ ತೆಲುಗಿನಲ್ಲೇ ಹೇಳಿದಳು: "ಇರ್ತಿತ್ತು, ಬಾಬ್ಜಿಗಾರು. ನಾನೇ ತೆಗೆದೆ. ಹೆಸರು ಮಾತ್ರ ತೆಗೀಬೇಕಿತ್ತು, ಹೆದರಿ ಎಲ್ಲಾನೂ ತೆಗೆದ್ಬಿಟ್ಟೆ."

ಬಾಬ್ಜಿ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದ.

ವಾಪಸು ಬರುವಾಗ ಜಾಹ್ನವಿ ರೈಲಿನಲ್ಲೇ ಕೂತು ಲಾಗ್‌ನಲ್ಲಿ ಏನೇನಿರಬೇಕೆಂಬ ಹೊಸ ಪಟ್ಟಿ ಬರೆದಳು. ವಿನಂತಿಯ ಸಂಖ್ಯೆ, ಆಸ್ಪತ್ರೆಯ ಕೋಡ್, ಯಾವ ಹಂತದಲ್ಲಿ ನಿಂತಿತು, ಸರ್ವರ್ ಏನೆಂದು ಉತ್ತರಿಸಿತು. ರೋಗಿಯ ಹೆಸರಿಲ್ಲ, ಕಾಯಿಲೆಯಿಲ್ಲ. ಬರೆದು ಮುಗಿಸಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಅದೇ ಅವಳನ್ನು ಹೆಚ್ಚು ಕೊರೆಯಿತು.

ಹೊಸ ಲಾಗ್ ಶುರುವಾದ ಹನ್ನೊಂದನೆಯ ದಿನ ಬೆಳಿಗ್ಗೆ ಅನಕಾಪಲ್ಲಿಯ ಒಂದು ಆಸ್ಪತ್ರೆಯ ವಿನಂತಿ ನಿಂತುಹೋಯಿತು. ಈ ಸಲ ಯಾವ ಆಸ್ಪತ್ರೆ, ಯಾಕೆ ನಿಂತಿತು ಎಂಬುದೆಲ್ಲ ಲಾಗ್‌ನಲ್ಲಿ ಇತ್ತು: ಆಸ್ಪತ್ರೆಯ ವಿಳಾಸದಲ್ಲಿದ್ದ ಒಂದು ಉದ್ಧರಣ ಚಿಹ್ನೆಯನ್ನು ಸರ್ವರ್ ಒಪ್ಪಿರಲಿಲ್ಲ. ಕಂಪನಿಯವರು ಕೂಡಲೇ ರಕ್ತನಿಧಿಗೆ ಫೋನ್ ಮಾಡಿ ರಕ್ತ ಕಳಿಸುವಂತೆ ಮಾಡಿದರು. ಮಧ್ಯಾಹ್ನದೊಳಗೆ ದೋಷವನ್ನೂ ಸರಿಪಡಿಸಿದರು.

ದುರ್ಗಾಭವಾನಿಯ ವಿನಂತಿ ನಿಂತದ್ದೂ ಇದರಿಂದಲೇ ಇರಬಹುದು. ಇಲ್ಲದೆಯೂ ಇರಬಹುದು. ತಿಳಿಯುವ ದಾರಿಯೇ ಇರಲಿಲ್ಲ. ಆದರೂ ಜಾಹ್ನವಿ ಬಾಬ್ಜಿಗೆ ಫೋನ್ ಮಾಡಿ ಅಷ್ಟನ್ನೂ ಹೇಳಿದಳು.

ಆ ಕಡೆಯಿಂದ ಮಗುವಿನ ಅಳು ಕೇಳುತ್ತಿತ್ತು. "ಇರಬಹುದು ಅಂದ್ರೆ ನಮ್ಮಮ್ಮನಿಗೆ ಏನಂತ ಹೇಳ್ಲಿ ಮೇಡಂ?" ಎಂದ ಬಾಬ್ಜಿ. "ತಿಳಿಯೋ ದಾರೀನ ನಾನೇ ಅಳಿಸಿದೆ ಅಂತ ಹೇಳಿ," ಎಂದಳು ಜಾಹ್ನವಿ. ಅವನು ಫೋನ್ ಇಟ್ಟ.