ಅಂಗೈಯ ಉಪ್ಪು

ಧುಪದಾಳದ ಖಂಡೆಪ್ಪನ ಕೈಗುಣವನ್ನು ಸುತ್ತಲಿನ ಕುರಿಗಾರರೆಲ್ಲ ನಂಬುತ್ತಿದ್ದರು. ಮೇವು ಬಿಟ್ಟ ಕುರಿಗೆ ಅಂಗೈಯಲ್ಲಿ ಉಪ್ಪು ಹಿಡಿದು ನೆಕ್ಕಿಸಿದರೆ ಅದು ಮೇವಿಗೂ ಬಾಯಿ ಹಾಕುತ್ತದೆ, ನೆಕ್ಕಿಸಿದವನ ಬೆನ್ನನ್ನೂ ಬಿಡುವುದಿಲ್ಲ. ಇದು ಅವನು ಕುರಿಗಳ ನಡುವೆ ಬೆಳೆದು ಕಲಿತ ವಿದ್ಯೆ.

ಅವನ ಸೊಸೆ ನಾಗರತ್ನಾ ಗಾಳಿಗೆ ಗೂಡಿನಿಂದ ಬಿದ್ದ ಗಿಳಿಮರಿಯೊಂದನ್ನು ಸಾಕಿದ್ದಳು. ಒಂದು ರೆಕ್ಕೆ ಸೊಟ್ಟಗಾಗಿ ಅದು ಹಾರುತ್ತಿರಲಿಲ್ಲ. ನೆನೆಸಿದ ಕಡಲೆ, ಪೇರಲ ಹಣ್ಣಿನ ಚೂರು, ಒಂದು ಹಸಿಮೆಣಸಿನಕಾಯಿ ಹೊತ್ತು ತಪ್ಪದೆ ಇಡುತ್ತಿದ್ದಳು. ಕರೆದಾಗ ಕೈಮೇಲೆ ಬಂದರೆ ಒಂದೇ ಒಂದು ಶೇಂಗಾ ಬೀಜ. ತಿಂಗಳೊಪ್ಪತ್ತಿನಲ್ಲಿ ಗಿಳಿ ಅವಳ ಹಿಂದೆಯೇ ಅಡುಗೆಮನೆಯಿಂದ ಹಿತ್ತಲಿಗೆ ಓಡಾಡತೊಡಗಿತು. ಖಂಡೆಪ್ಪ ಕೈ ಚಾಚಿದರೆ ಕಚ್ಚುತ್ತಿತ್ತು.

"ಮುನ್ನೂರು ಕುರಿ ನಿಮ್ಮ ಹಿಂದ ಬರತಾವು. ಮುಷ್ಟಿಯಷ್ಟು ಹಕ್ಕಿ ಬರವಲ್ದು," ಎಂದು ಹೆಂಡತಿ ಮಾಯವ್ವ ನಕ್ಕಳು. "ಕುರಿಕಿಂತ ಇದಕ್ಕ ಬುದ್ಧಿ ಜಾಸ್ತಿ ಐತಿ ಬಿಡ್ರಿ."

ಮಾತು ಖಂಡೆಪ್ಪನಿಗೆ ನಾಟಿತು. ಮರುದಿನದಿಂದ ಸೊಸೆ ನೀರಿಗೆ ಹೋದ ಹೊತ್ತು ನೋಡಿ, ಉಪ್ಪುನೀರಲ್ಲಿ ನೆನೆಸಿ ಒಣಗಿಸಿದ ಶೇಂಗಾ ಬೀಜವನ್ನು ಕಿಸೆಯಿಂದ ತೆಗೆದು ಕೊಡತೊಡಗಿದ. ನಾಲ್ಕೇ ದಿನ. ಗಿಳಿ ಅವನ ತೋಳು ಹತ್ತಿ ತಾನೇ ಕಿಸೆಗೆ ಕೊಕ್ಕು ಹಾಕಿತು. ಉಪ್ಪಿಗೆ ಮೈಯೂ ತುಂಬುತ್ತದೆ ಎಂದುಕೊಂಡ.

ಮೈ ತುಂಬಲಿಲ್ಲ. ಹದಿನೈದು ದಿನಕ್ಕೆ ಗಿಳಿ ಬಟ್ಟಲುಗಟ್ಟಲೆ ನೀರು ಕುಡಿದು, ನೀರಾಗಿಯೇ ಹಿಕ್ಕೆ ಹಾಕುತ್ತ, ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿಯಿತು.

"ಮೆಣಸಿನಕಾಯಿ ತಿನ್ನಿಸಿ ತಿನ್ನಿಸಿ ಅದರ ಹೊಟ್ಟಿ ಸುಟ್ಟಿ," ಎಂದು ಖಂಡೆಪ್ಪ ಸೊಸೆಗೆ ಬೈದ. ಅವಳು ಬುಟ್ಟಿಗೆ ಹಳೆಯ ಸೀರೆ ಹಾಸಿ ಗಿಳಿಯನ್ನಿಟ್ಟುಕೊಂಡು ಗೋಕಾಕದ ಬಸ್ಸು ಹತ್ತಿದಳು. ಮನಸ್ಸು ತಡೆಯದೆ ಅವನೂ ಹತ್ತಿದ.

ದನದ ದವಾಖಾನೆಯ ಬಾಗಿಲಲ್ಲಿ ಕುರಿಗಾರ ಯಲ್ಲಾರಿ ಮೇಕೆ ಹಿಡಿದು ನಿಂತಿದ್ದ. ಹಿಂದೊಮ್ಮೆ ಅವನ ಇಡೀ ಹಿಂಡನ್ನು ಉಳಿಸಿಕೊಟ್ಟವನು ಖಂಡೆಪ್ಪನೇ.

"ಏನ ಕಾಕಾ, ನಿನಗೂ ಡಾಕ್ಟರ ಬೇಕಾದ್ರು?"

"ಸೊಸಿ ಹಕ್ಕಿ ಅದು," ಎಂದ ಖಂಡೆಪ್ಪ.

ಡಾಕ್ಟರು ಗಿಳಿಯ ಎದೆಯೆಲುಬು ಮುಟ್ಟಿ ನೋಡಿ, ಏನೇನು ತಿನ್ನಿಸುತ್ತೀರಿ ಎಂದು ಕೇಳಿದರು. ನಾಗರತ್ನಾ ಒಂದೊಂದೇ ಹೇಳಿದಳು.

"ಎಲ್ಲಾ ಬರೋಬ್ಬರಿ ಐತಲ್ಲವ್ವಾ. ಗಿಳಿಗಿ ಖಾರ ಹತ್ತೂದಿಲ್ಲ. ಉಪ್ಪಿಂದೇನರ ತಿಂದೈತೇನು? ಇಷ್ಟು ಸಣ್ಣ ಜೀವಕ್ಕ ಉಪ್ಪು ಅಂದ್ರ ವಿಷ. ಖರೆ ಗೊತ್ತಾದ್ರ ಔಷಧ ಕೊಡಾಕ ಬರತೈತಿ."

ಡಾಕ್ಟರು ಕಪಾಟಿನತ್ತ ತಿರುಗಿದರು. ಗಿಳಿ ತೂರಾಡುತ್ತ ಎದ್ದು, ಮೇಜಿಗೆ ಆನಿಸಿದ್ದ ಖಂಡೆಪ್ಪನ ತೋಳನ್ನು ಹತ್ತಲಾರದೆ ಹತ್ತಿ, ಕಿಸೆಗೆ ಕೊಕ್ಕು ತೂರಿಸಿತು. ಉಪ್ಪು ಬೆಳ್ಳಗೆ ಹತ್ತಿದ ಬೀಜವೊಂದು ಮೇಜಿಗೆ ಬಿತ್ತು. ನಾಗರತ್ನಾ ಅದನ್ನು ನೋಡಿದಳು, ಮಾವನನ್ನು ನೋಡಿದಳು, ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಹೌದ್ರಿ. ಉಪ್ಪಿನ ಶೇಂಗಾ ಹಾಕಿದ್ದೆ. ತಿಳೀಲಿಲ್ರಿ ನನಗ."

"ಹಕ್ಕಿ ಸಾಕೂಕಿಂತ ಮೊದಲ ಒಂದು ಮಾತು ಕೇಳಬಾರದೇನವ್ವಾ?" ಎಂದು ಡಾಕ್ಟರು ಗದರಿದರು. ಅವಳು ತಲೆ ತಗ್ಗಿಸಿದಳು.

ಒಂದು ಗಳಿಗೆ ಖಂಡೆಪ್ಪನಿಗೆ ಹಗುರೆನಿಸಿತು. ಹಗುರೆನಿಸಿತಲ್ಲ ಎಂದು ಮರುಗಳಿಗೆಗೆ ಕಿವಿಯವರೆಗೂ ಬಿಸಿಯಾಯಿತು.

"ಆಕಿ ಅಲ್ರಿ," ಎಂದ. ಕಿಸೆಯಲ್ಲಿದ್ದ ಬೀಜಗಳನ್ನು ಮೇಜಿಗೆ ಸುರಿದ. "ಆಕಿ ಅಲ್ಲ, ನಾನ. ದಿನಾ ಏಳೆಂಟು ಬೀಜ, ಹದಿನೈದು ದಿನ. ಮ್ಯಾಲ ಆಕಿಗೇ ಬೈದೇನಿ."

ಬಾಗಿಲಲ್ಲಿದ್ದ ಯಲ್ಲಾರಿ ಮೇಕೆಯ ಕಿವಿ ತಿಕ್ಕುತ್ತ ನಿಂತ. ಅವನು ನಕ್ಕುಬಿಟ್ಟಿದ್ದರೆ ಚಲೋ ಇತ್ತು ಎನಿಸಿತು ಖಂಡೆಪ್ಪನಿಗೆ.

ಗಿಳಿ ಉಳಿಯಿತು. ಆದರೆ ಕಲಿತದ್ದನ್ನು ಮರೆಯಲಿಲ್ಲ. ಖಂಡೆಪ್ಪ ಕಂಡರೆ ಸಾಕು, ನಾಗರತ್ನಾಳ ಕೈ ಬಿಟ್ಟು ಓಡಿ ಬಂದು ಬರಿದಾದ ಕಿಸೆಯನ್ನು ಕೆದಕುತ್ತದೆ. ಅದಕ್ಕೇ ಈಗ ಅವನು ಅಂಗಿಯನ್ನು ಹೊರಗಿನ ಗೂಟಕ್ಕೆ ಹಾಕಿ, ಬನಿಯನ್ನಿನಲ್ಲೇ ಒಳಗೆ ಬರುತ್ತಾನೆ.